ಹೈಂಡ್ಸ್: ಇಬ್ಬರು ಗೆಳತಿಯರು ಉಳಿದರೆ ಬ್ಯಾಂಡ್ ಉಳಿದಂತೆಯೇ?

ಮಂದ್ರಸ್ಥಾಯಿ:

ಮ್ಯಾಡ್ರಿಡ್‌ನ ಗ್ಯಾರೇಜ್-ಪಾಪ್ (ನಯಗೊಳಿಸದ, ಒರಟು ಧ್ವನಿಯ ರಾಕ್-ಪಾಪ್) ಬ್ಯಾಂಡ್ ಹೈಂಡ್ಸ್‌ನ ನಾಲ್ಕೂ ಆಲ್ಬಮ್‌ಗಳನ್ನು ಬಿಡುಗಡೆಯಾದ ಕ್ರಮದಲ್ಲಿಯೇ ಮತ್ತೊಮ್ಮೆ ಕೇಳಿ ಮುಗಿಸಿದ ಮೇಲೆ, ಈ ಬಳಗದ ಬಹುಮಂದಿ ಒಪ್ಪಲಾರದ ಒಂದು ಅಭಿಪ್ರಾಯವನ್ನು ಮುಂದಿಡುತ್ತಿದ್ದೇನೆ. 2016ರ ಜನವರಿಯಲ್ಲಿ ಬಂದ ಮೊದಲ ಆಲ್ಬಮ್ 'ಲೀವ್ ಮಿ ಅಲೋನ್' ಅನ್ನು ನಾವೆಲ್ಲ ತಲೆಯ ಮೇಲೆ ಹೊತ್ತು ಮೆರೆಸಿದ್ದು ಅತಿಯಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಬಂದ 'ವೀವಾ ಹೈಂಡ್ಸ್' ಅವರ ನಿಜವಾದ ಸಾಧನೆ.

ಬ್ಯಾಂಡಿನ ಪರಿಚಯವಿಲ್ಲದವರಿಗೆ ಎರಡು ಮಾತು. ಕಾರ್ಲೋಟಾ ಕೊಸಿಯಾಲ್ಸ್ ಮತ್ತು ಆನಾ ಪೆರ್ರೋಟೆ ಎಂಬ ಗೆಳತಿಯರು 2011ರಲ್ಲಿ ಇದನ್ನು ಆರಂಭಿಸಿದರು. ಇಬ್ಬರೂ ಗಿಟಾರ್ ನುಡಿಸುತ್ತಾರೆ, ಇಬ್ಬರೂ ಹಾಡುತ್ತಾರೆ. 2014ರಲ್ಲಿ 'ಬ್ಯಾಂಬೂ' ಮತ್ತು 'ಟ್ರಿಪಿ ಗಮ್' ಎಂಬ ಎರಡು ಹಾಡುಗಳನ್ನು ಸಂಗೀತಗಾರರು ತಮ್ಮ ಹಾಡುಗಳನ್ನು ಹಂಚುವ ಜಾಲತಾಣವಾದ ಬ್ಯಾಂಡ್‌ಕ್ಯಾಂಪ್‌ನಲ್ಲಿ ಹಾಕಿದ ಮೇಲೆ ಅವರ ಹೆಸರು ಸ್ಪೇನಿನ ಗಡಿ ದಾಟಿತು. ಬೇಸ್ ಗಿಟಾರಿಗೆ ಆದೆ ಮಾರ್ಟಿನ್, ಡ್ರಮ್ಸ್‌ಗೆ ಆಂಬರ್ ಗ್ರಿಂಬರ್ಗನ್ ಸೇರಿ ನಾಲ್ವರ ತಂಡವಾಯಿತು. ಆಗ ಅವರ ಹೆಸರು 'ಡಿಯರ್ಸ್' ಎಂದಿತ್ತು. ಹೆಚ್ಚುಕಡಿಮೆ ಅದೇ ಹೆಸರಿನ ಕೆನಡಾದ ಬ್ಯಾಂಡೊಂದು ಕಾನೂನಿನ ಎಚ್ಚರಿಕೆ ಕೊಟ್ಟದ್ದರಿಂದ 2015ರ ಆರಂಭದಲ್ಲಿ ಹೈಂಡ್ಸ್ ಆದರು. 2020ರ 'ದಿ ಪ್ರಿಟಿಯೆಸ್ಟ್ ಕರ್ಸ್' ಬಿಡುಗಡೆಯಾದಾಗ ಕೋವಿಡ್‌ನಿಂದ ಪ್ರವಾಸಗಳೆಲ್ಲ ನಿಂತುಹೋಗಿದ್ದವು. ಅದಾದ ಮೇಲೆ ಆದೆ ಮತ್ತು ಆಂಬರ್ ಇಬ್ಬರೂ ಹೊರನಡೆದರು. ಹೀಗಾಗಿ ನಾಲ್ಕನೆಯ ಆಲ್ಬಮ್ ಮಾಡಿದ್ದು ಆರಂಭಿಸಿದ ಆ ಇಬ್ಬರೇ.

ನನ್ನ ವಾದ ಇಷ್ಟೇ: ಮೊದಲ ಆಲ್ಬಮ್‌ನಲ್ಲಿ ಶ್ರುತಿ ಅಲುಗಾಡುತ್ತದೆ, ಲಯ ಎಳೆದಾಡುತ್ತದೆ, ಮಾತು ಕೇಳಿಸುವುದಿಲ್ಲ, ಇದನ್ನೆಲ್ಲ 'ಸಹಜತೆ' ಎಂದು ಕರೆದು ವಿಮರ್ಶಕರು ಹೊಟ್ಟೆಗೆ ಹಾಕಿಕೊಂಡರು. ನಾಲ್ಕನೆಯದರಲ್ಲಿ ಅದೇ ಇಬ್ಬರು ಹಾಡು ಕಟ್ಟುವುದನ್ನು ಕಲಿತಿದ್ದಾರೆ. ಕಲಿತದ್ದಕ್ಕಿಂತ ಕಲಿಯದೆ ಇದ್ದದ್ದೇ ಚೆಂದ ಎನ್ನುವವರು ದಯವಿಟ್ಟು ಕಾರಣ ಕೊಡಬೇಕು.

ಹಳೆಯ ಕ್ಯಾಸೆಟ್:

ಕಾರಣ ಕೊಡುತ್ತೇನೆ. ಆದರೆ ಅದಕ್ಕೆ ಮೊದಲು, ಗ್ಯಾರೇಜ್ ಎಂಬ ಪ್ರಕಾರದಲ್ಲಿ 'ಕಲಿತದ್ದು' ಎಂದರೆ ಏನೆಂಬುದನ್ನು ನಿರ್ಧರಿಸಿಕೊಳ್ಳಬೇಕಾಗುತ್ತದೆ. 1963ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಕಿಂಗ್ಸ್‌ಮೆನ್ ಎಂಬ ಹುಡುಗರ ತಂಡ 'ಲೂಯಿ ಲೂಯಿ' ಹಾಡನ್ನು ಮುದ್ರಿಸಿಕೊಂಡಿತು. ಗಿಟಾರ್ ಭಾಗ ಮುಗಿದ ಮೇಲೆ ಗಾಯಕ ಒಂದು ಸುತ್ತು ಮುಂಚೆಯೇ ಹಾಡಲು ಆರಂಭಿಸಿ, ಸಟ್ಟನೆ ನಿಲ್ಲಿಸಿ, ಡ್ರಮ್ಸ್‌ನವನು ಸಂಭಾಳಿಸಿದ ಮೇಲೆ ಮತ್ತೆ ಎತ್ತಿಕೊಳ್ಳುತ್ತಾನೆ. ಆ ಎಡವಟ್ಟು ಇವತ್ತಿಗೂ ಮುದ್ರಣದಲ್ಲಿ ಹಾಗೆಯೇ ಇದೆ. ಮೈಕು ಎತ್ತರದಲ್ಲಿತ್ತು, ಮಾತು ಅಸ್ಪಷ್ಟವಾಗಿತ್ತು. ಅಶ್ಲೀಲವೇನಾದರೂ ಇದೆಯೇ ಎಂದು ಎಫ್‌ಬಿಐ ತನಿಖೆ ನಡೆಸಿ, ಕೊನೆಗೆ ಏನು ಹಾಡುತ್ತಿದ್ದಾನೆಂದೇ ತಿಳಿಯುವುದಿಲ್ಲ ಎಂಬ ತೀರ್ಮಾನಕ್ಕೆ ಬಂತು. 1972ರಲ್ಲಿ ಸಂಗೀತ ಬರಹಗಾರ ಲೆನ್ನಿ ಕೇಯ್ ಅಂಥ ತಂಡಗಳ 27 ಹಾಡುಗಳನ್ನು 'ನಗೆಟ್ಸ್' ಎಂಬ ಜೋಡಿ ಎಲ್‌ಪಿಯಲ್ಲಿ ಸಂಗ್ರಹಿಸಿದಾಗ, ಈ ಬಗೆಯ ಒರಟುತನಕ್ಕೆ ಒಂದು ಪರಂಪರೆಯೇ ಇದೆ ಎಂದು ಕೇಳುಗರಿಗೆ ಮನವರಿಕೆಯಾಯಿತು. ಹೈಂಡ್ಸ್ ಈ ವಂಶಕ್ಕೆ ಸೇರಿದವರು. ಇಂಗ್ಲೆಂಡಿನ ಗ್ಯಾರೇಜ್ ಸಂಗೀತಗಾರ ಬಿಲ್ಲಿ ಚೈಲ್ಡಿಶ್‌ನ ದೀ ಹೆಡ್‌ಕೋಟ್ಸ್ ತಂಡದ 'ಡೇವಿ ಕ್ರಾಕೆಟ್' ಹಾಡನ್ನು ಅವರು ಆರಂಭದ ದಿನಗಳಲ್ಲೇ ಹಾಡಿದ್ದು ಸುಮ್ಮನೆ ಅಲ್ಲ.

ಇನ್ನು 'ಲೀವ್ ಮಿ ಅಲೋನ್' ವಿಚಾರ. ಗ್ಯಾರೇಜ್ ಎಂದರೆ ಗರಗರ ಎನ್ನುವ ಗಿಟಾರ್ ಎಂದುಕೊಂಡವರು ಈ ಆಲ್ಬಮ್ ಅನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು. ಗಿಟಾರುಗಳು ಬಹುಪಾಲು ತಿಳಿಯಾಗಿಯೇ ಇವೆ, ತುಸು ರಿವರ್ಬ್ (ದನಿಯ ಹಿಂದಿನ ಗುಂಗು) ಮಾತ್ರ ಇದೆ, ತಂತಿ ತಂತಿಯೂ ಬಿಡಿಬಿಡಿಯಾಗಿ ಕೇಳುತ್ತದೆ. ಒರಟು ಇರುವುದು ಕಂಠದಲ್ಲಿ. ಕಾರ್ಲೋಟಾ ಅವರ ದನಿ ಚೂಪು, ತಾರಕ್ಕೆ ಹೋದಾಗ ಒಡೆಯುತ್ತದೆ. ಆನಾ ಅವರದು ಅದಕ್ಕಿಂತ ಕೆಳಗಿನ, ದಪ್ಪ ದನಿ. 'ಬ್ಯಾಂಬೂ'ನಲ್ಲಿ ಒಬ್ಬರ ಸಾಲು ಮುಗಿಯುವ ಮೊದಲೇ ಇನ್ನೊಬ್ಬರು ಒಳಗೆ ನುಗ್ಗುತ್ತಾರೆ, ಯಾರೂ ಯಾರಿಗೂ ಜಾಗ ಬಿಡುವುದಿಲ್ಲ, ಒಂದೇ ಪ್ರೇಮಕತೆಯನ್ನು ಇಬ್ಬರೂ ಏಕಕಾಲಕ್ಕೆ ಹೇಳಲು ಹೊರಟಂತಿರುತ್ತದೆ. ಎರಡು ಕಂಠಗಳನ್ನು ಒಂದಾಗಿಸಿ ನಯವಾದ ಹಾರ್ಮನಿ ಮಾಡುವುದು ಯಾವ ಸ್ಟುಡಿಯೋದಲ್ಲಾದರೂ ಸಾಧ್ಯ. ಒಂದಾಗದಂತೆ ಇಟ್ಟುಕೊಂಡು ಹನ್ನೆರಡು ಹಾಡುಗಳನ್ನು ದಾಟಿಸುವುದು ಅಷ್ಟು ಸುಲಭವಲ್ಲ. ಅದೇ ಅವರ ಕಸುಬು, ಮತ್ತು ಅದು ಮೊದಲ ದಿನದಿಂದಲೇ ಇತ್ತು.

ಬೇಸ್ ತಂತಿ:

ಇಬ್ಬರ ವಾದವನ್ನೂ ಗೌರವದಿಂದ ಓದಿದೆ. ಆದರೆ ಒಂದು ಕಡೆ 'ಆರಂಭಿಸಿದ ಆ ಇಬ್ಬರೇ', ಇನ್ನೊಂದು ಕಡೆ 'ಎರಡು ಕಂಠಗಳು' ಎಂದಾಗ, ಮೂರು ಆಲ್ಬಮ್‌ಗಳ ತಳಪಾಯ ಹಾಕಿದ ಇಬ್ಬರು ಹೆಂಗಸರು ಎಲ್ಲಿ ಹೋದರು? ನಾನು ಬೇಸ್ ನುಡಿಸುವವನಾದ್ದರಿಂದ ಈ ಮಾತು ಸ್ವಜಾತಿ ಪ್ರೇಮದಿಂದ ಬಂದದ್ದೆಂದು ನೀವು ನಗಬಹುದು, ನಗಿರಿ.

ಲಯ ಎಳೆದಾಡುತ್ತದೆ ಎಂದು ಮಂದ್ರಸ್ಥಾಯಿಯವರು ಬರೆದಿದ್ದಾರೆ. ಅದು ಎಳೆದಾಡುವುದಿಲ್ಲ, ಎಳೆದಾಡಿಸಲ್ಪಡುತ್ತದೆ. 'ಸ್ಯಾನ್ ಡಿಯೇಗೋ', 'ಚಿಲಿ ಟೌನ್' ಮುಂತಾದ ಹಾಡುಗಳಲ್ಲಿ ಗಾಯಕಿಯರು ತಮಗೆ ತೋಚಿದಲ್ಲಿ ಸಾಲನ್ನು ಹಿಗ್ಗಿಸಿ ಕುಗ್ಗಿಸುವಾಗ, ಹಾಡು ಕುಸಿಯದೆ ನಿಲ್ಲುವುದು ಬೇಸ್ ಮತ್ತು ಡ್ರಮ್ಸ್ ಗಟ್ಟಿಯಾಗಿ ನಿಂತಿರುವುದರಿಂದ. ಆಂಬರ್ ಅವರ ಡ್ರಮ್ಸ್‌ನಲ್ಲಿ ಅಲಂಕಾರ ಬಹಳ ಕಡಿಮೆ. ಪಲ್ಲವಿ ಬರುವಲ್ಲಿ ಕೂಡ ಹಲವು ಬಾರಿ ದೊಡ್ಡ ಉರುಳಿಕೆ ಇಲ್ಲದೆ ನೇರ ಹೊಡೆತದಲ್ಲಿಯೇ ದಾಟಿಸುತ್ತಾರೆ. ಗಾಯನ ಅಷ್ಟು ಸಡಿಲವಾಗಿರುವ ಕಡೆ ಡ್ರಮ್ಸ್ ಕೂಡ ಕುಣಿದಿದ್ದರೆ ಕೇಳುಗನಿಗೆ ಹಿಡಿದುಕೊಳ್ಳಲು ಏನೂ ಉಳಿಯುತ್ತಿರಲಿಲ್ಲ.

ನಮ್ಮ ಯಕ್ಷಗಾನದಲ್ಲಿ ಮುಮ್ಮೇಳ, ಹಿಮ್ಮೇಳ ಎಂಬ ಎರಡು ಭಾಗಗಳಿವೆ. ವೇಷ ಕಟ್ಟಿ ಕುಣಿಯುವವರು ಮುಮ್ಮೇಳ, ಹಾಡಿ ಬಾರಿಸುವವರು ಹಿಮ್ಮೇಳ. ಹಿಂದೆ ಕೂತಿದ್ದಾರೆಂಬ ಕಾರಣಕ್ಕೆ ಭಾಗವತರನ್ನು, ಮದ್ದಳೆಯವರನ್ನು ಯಾರೂ 'ಉಳಿದವರು' ಎನ್ನುವುದಿಲ್ಲ. ಆಟ ನಡೆಸುವುದೇ ಅವರು. ಹೈಂಡ್ಸ್ ಬಗ್ಗೆ ಬರೆಯುವ ಪ್ರತಿಯೊಬ್ಬರೂ ಗೆಳತಿಯರ ಕತೆಯಿಂದ ಆರಂಭಿಸಿ ಗೆಳತಿಯರ ಕತೆಯಲ್ಲಿಯೇ ಮುಗಿಸುತ್ತಾರೆ, ಏಕೆಂದರೆ ಆ ಕತೆ ಫೋಟೋಕ್ಕೆ ಒಗ್ಗುತ್ತದೆ. ಹಿಮ್ಮೇಳ ಬದಲಾದ ಮೇಲೆ 'ವೀವಾ ಹೈಂಡ್ಸ್' ಅದೇ ಬ್ಯಾಂಡಿನ ನಾಲ್ಕನೆಯ ಆಲ್ಬಮ್ ಎನ್ನುವುದಕ್ಕಿಂತ, ಅದೇ ಹೆಸರಿನ ಇನ್ನೊಂದು ತಂಡದ ಮೊದಲನೆಯ ಆಲ್ಬಮ್ ಎನ್ನುವುದು ಹೆಚ್ಚು ಪ್ರಾಮಾಣಿಕ ಎಂದು ನನ್ನ ಭಾವನೆ.

ಕೇಳುಗ ಮಾತ್ರ:

ಹಾಗಾದರೆ ಡ್ರಮ್ಸ್‌ನವರು ಬದಲಾದ ಎಲ್ಲ ಬ್ಯಾಂಡ್‌ಗಳೂ ಹೊಸ ಹೆಸರು ಇಟ್ಟುಕೊಳ್ಳಬೇಕಾಗುತ್ತದೆ. ಸಂಗೀತ ಚರಿತ್ರೆಯ ಅರ್ಧ ಭಾಗವನ್ನು ಮತ್ತೆ ಬರೆಯಬೇಕಾದೀತು, ಸ್ವಾಮಿ.

ಬೇಸ್ ತಂತಿ:

ಬರೆಯಲಿ ಬಿಡಿ. ಡ್ರಮ್ಸ್‌ನವರ ಹೆಸರುಗಳನ್ನು ಈ ಸಲವಾದರೂ ಸರಿಯಾಗಿ ಹಾಕುವ ಅವಕಾಶ ಸಿಕ್ಕೀತು.

ಮಂದ್ರಸ್ಥಾಯಿ:

ಹಳೆಯ ಕ್ಯಾಸೆಟ್ ಅವರು ಕೊಟ್ಟ ಇತಿಹಾಸ ಸೊಗಸಾಗಿದೆ, ಆದರೆ ಅದು ನನ್ನ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸುತ್ತದೆ. ಕಿಂಗ್ಸ್‌ಮೆನ್ ಎಡವಿದ್ದು ಉದ್ದೇಶಪೂರ್ವಕವಲ್ಲ. ಮತ್ತೊಮ್ಮೆ ಮುದ್ರಿಸಲು ಸಮಯವಿದ್ದಿದ್ದರೆ ತಿದ್ದಿಕೊಳ್ಳುತ್ತಿದ್ದರೇನೋ. 2016ರಲ್ಲಿ ಒಂದು ಬ್ಯಾಂಡ್ ಹಾಗೆ ಕೇಳಿಸಬೇಕೆಂದು ಆರಿಸಿಕೊಂಡರೆ ಅದು ಶೈಲಿ. ಶೈಲಿಯನ್ನು ಪ್ರಶ್ನಿಸುವ ಹಕ್ಕು ಕೇಳುಗನಿಗೆ ಇದೆ.

2018ರ 'ಐ ಡೋಂಟ್ ರನ್' ಅನ್ನು ಬ್ಯಾಂಡಿನೊಂದಿಗೆ ಸೇರಿ ಪ್ರೊಡ್ಯೂಸ್ ಮಾಡಿದವರು, ಅಂದರೆ ಮುದ್ರಣದ ಧ್ವನಿಯನ್ನು ರೂಪಿಸಿದವರು, ಗಾರ್ಡನ್ ರಾಫೇಲ್. ನ್ಯೂಯಾರ್ಕಿನ ದಿ ಸ್ಟ್ರೋಕ್ಸ್‌ನ 2001ರ 'ಈಸ್ ದಿಸ್ ಇಟ್' ಮಾಡಿದವರೂ ಇವರೇ. ಆ ಆಲ್ಬಮ್‌ನಲ್ಲಿ ಗಾಯಕನ ದನಿಯನ್ನು ಒಂದು ಸಣ್ಣ ಅಭ್ಯಾಸದ ಆಂಪ್ಲಿಫೈಯರ್ ಮೂಲಕ ಹಾಯಿಸಿ, ಟೆಲಿಫೋನಿನಲ್ಲಿ ಕೇಳಿದಂತೆ ಮಾಡಲಾಗಿತ್ತು. ಅಂದರೆ ಒರಟುತನ ಆಗಲೇ ಒಂದು ತಯಾರಿಸಿದ ವಸ್ತುವಾಗಿತ್ತು. ಹೈಂಡ್ಸ್ ಅದೇ ವ್ಯಕ್ತಿಯನ್ನು ಕರೆಸಿಕೊಂಡದ್ದು, ತಮಗೇನು ಬೇಕೆಂದು ಚೆನ್ನಾಗಿ ಗೊತ್ತಿದ್ದೇ. ಹಾಗಿರುವಾಗ ಇವರದು 'ಕಲ್ಮಷವಿಲ್ಲದ ಸಹಜತೆ' ಎಂಬ ಮಾತನ್ನು ದಯವಿಟ್ಟು ನಿಲ್ಲಿಸೋಣ.

ಬೇಸ್ ತಂತಿಯವರಿಗೆ: ಹಿಮ್ಮೇಳದ ಬಗ್ಗೆ ನೀವು ಹೇಳಿದ್ದು ನ್ಯಾಯವೇ. ಆದರೆ ಆಟದ ಪ್ರಸಂಗ ಯಾರದು? ಹಾಡುಗಳ ಮಾತು, ರಾಗ, ಜಗಳ, ಹಾಸ್ಯ ಎಲ್ಲವೂ ಆ ಇಬ್ಬರದೇ. ಹೊಸ ಆಲ್ಬಮ್‌ನ 'ಕಾಫಿ' ಹಾಡನ್ನು ಹೆಸರು ಮುಚ್ಚಿಟ್ಟು ಕೇಳಿಸಿದರೂ ಇದು ಹೈಂಡ್ಸ್ ಎಂದು ಎರಡನೆಯ ಸಾಲಿಗೇ ಗುರುತಿಸಬಹುದು.

ಪದ್ಮನಾಭನಗರ ಪ್ಲೇಲಿಸ್ಟ್:

ನನ್ನ ತಕರಾರು ಬೇರೆಯದು, ಮತ್ತು ಅದನ್ನು ಇಲ್ಲಿ ಯಾರೂ ಎತ್ತಲಿಲ್ಲವೆಂಬುದೇ ಆಶ್ಚರ್ಯ. ಮ್ಯಾಡ್ರಿಡ್‌ನ ಹೆಣ್ಣುಮಕ್ಕಳು ಮೊದಲ ಎರಡು ಆಲ್ಬಮ್‌ಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಇಂಗ್ಲಿಷಿನಲ್ಲಿ ಹಾಡಿದ್ದಾರೆ. ಅಲ್ಲಲ್ಲಿ ಒಂದೆರಡು ಸ್ಪ್ಯಾನಿಷ್ ಮಾತು, 'ಕಾಸ್ಟಿಗಾದಾಸ್ ಎನ್ ಎಲ್ ಗ್ರಾನೇರೋ' ಎಂಬಂಥ ಶೀರ್ಷಿಕೆ, 'ಮಾ ನ್ವೀ' ಹಾಡಿನಲ್ಲಿ ತುಸು ಫ್ರೆಂಚ್, ಇಷ್ಟು ಬಿಟ್ಟರೆ ಉಳಿದದ್ದೆಲ್ಲ ಇಂಗ್ಲಿಷ್. 2020ರಲ್ಲಿ ಸ್ಪ್ಯಾನಿಷ್ ಸಾಲುಗಳು ಗಣನೀಯವಾಗಿ ಬಂದವು, 2024ರಲ್ಲಿ 'ಎನ್ ಫೋರ್ಮಾ', 'ಮಾಲಾ ವಿಸ್ತಾ' ಎಂಬ ಎರಡು ಹಾಡುಗಳು ಪೂರ್ತಿಯಾಗಿ ತಾಯ್ನುಡಿಯಲ್ಲಿ ಬಂದವು. ಹತ್ತು ವರ್ಷ ಬೇಕಾಯಿತು.

ಬೆಂಗಳೂರಿನಲ್ಲಿ ಇಂಗ್ಲಿಷ್ ಹಾಡುವ ಸ್ವತಂತ್ರ ಬ್ಯಾಂಡ್‌ಗಳನ್ನು ಕೇಳುತ್ತಾ ಬೆಳೆದ ನನ್ನಂಥವರಿಗೆ ಈ ಕತೆ ಹೊಸದಲ್ಲ. ಹೊರಗಿನ ಉತ್ಸವಗಳು, ಹೊರಗಿನ ಪತ್ರಿಕೆಗಳು, ಹೊರಗಿನ ಲೇಬಲ್‌ಗಳು ಕಣ್ಣೆದುರು ಇದ್ದಾಗ ಮನೆಮಾತು ಹಿಂದೆ ಬೀಳುತ್ತದೆ. ಹೆಸರು ಬಂದ ಮೇಲೆ ಅದನ್ನು ಒಗ್ಗರಣೆಯಷ್ಟು ಸೇರಿಸುತ್ತಾರೆ. ಹಾಗಾಗಿ ಒರಟುತನ, ಸಹಜತೆ ಎಂದು ನೀವು ವಾದಿಸುತ್ತಿರುವ ಮೊದಲ ಆಲ್ಬಮ್ ನನಗೆ ಎಲ್ಲಕ್ಕಿಂತ ಹೆಚ್ಚು ಲೆಕ್ಕಾಚಾರದ್ದಾಗಿ ಕೇಳಿಸುತ್ತದೆ. ಈ ಒಂದು ಕಾರಣಕ್ಕೆ ಮಂದ್ರಸ್ಥಾಯಿಯವರ ತೀರ್ಪನ್ನು ಒಪ್ಪುತ್ತೇನೆ.

ಸಾಲಮಾಂಕಾ ಕನ್ನಡತಿ:

ಸ್ಪ್ಯಾನಿಷ್ ಸಾಹಿತ್ಯ ಓದಲೆಂದು ಕೆಲವು ವರ್ಷಗಳಿಂದ ಸ್ಪೇನಿನಲ್ಲಿರುವ ಕಾರಣ, ಭಾಷೆಯ ವಿಚಾರದಲ್ಲಿ ಒಂದೆರಡು ಸಂಗತಿ ಸೇರಿಸಬಹುದು ಅನ್ನಿಸಿತು.

ಮೊದಲನೆಯದಾಗಿ, ಬೆಂಗಳೂರಿನ ಇಂಗ್ಲಿಷಿಗೂ ಮ್ಯಾಡ್ರಿಡ್‌ನ ಇಂಗ್ಲಿಷಿಗೂ ತಳುಕು ಹಾಕುವುದು ಕಷ್ಟ. ಬೆಂಗಳೂರಿನಲ್ಲಿ ಇಂಗ್ಲಿಷ್ ಮೇಲಕ್ಕೇರುವ ಏಣಿ. ಚೆನ್ನಾಗಿ ಬಲ್ಲವರೇ ಅದರಲ್ಲಿ ಹಾಡುತ್ತಾರೆ. ಕಾರ್ಲೋಟಾ, ಆನಾ ಅವರ ಇಂಗ್ಲಿಷಿನಲ್ಲಿ ಮ್ಯಾಡ್ರಿಡ್‌ನ ಉಚ್ಚಾರ ಎದ್ದು ಕಾಣುತ್ತದೆ, ವಾಕ್ಯಗಳು ವಾಲುತ್ತವೆ, ಅದನ್ನು ಮುಚ್ಚಿಡುವ ಪ್ರಯತ್ನ ನನಗಂತೂ ಎಲ್ಲಿಯೂ ಕೇಳಿಸಿಲ್ಲ. ಅವರಿಗೂ ಮೊದಲು ಇಲ್ಲಿ ಡೋವರ್ ಎಂಬ ಬ್ಯಾಂಡ್ ಇತ್ತು, ಅದೂ ಮ್ಯಾಡ್ರಿಡ್‌ನದೇ. ಕ್ರಿಸ್ಟಿನಾ ಮತ್ತು ಆಂಪಾರೋ ಯಾನೋಸ್ ಎಂಬ ಸಹೋದರಿಯರು ಮುಂದಿದ್ದ ಆ ತಂಡ 1997ರಲ್ಲಿ 'ಡೆವಿಲ್ ಕೇಮ್ ಟು ಮಿ' ಎಂಬ ಇಂಗ್ಲಿಷ್ ಆಲ್ಬಮ್ ಹೊರತಂದು ಸ್ಪೇನಿನೊಳಗೇ ಲಕ್ಷಗಟ್ಟಲೆ ಪ್ರತಿ ಮಾರಿತು. ಅಂದರೆ ಇಂಗ್ಲಿಷಿನಲ್ಲಿ ಹಾಡುವುದು ಇಲ್ಲಿ ಹೊರಗಿನವರಿಗಾಗಿ ಮಾತ್ರ ಮಾಡಿದ ಲೆಕ್ಕಾಚಾರವಲ್ಲ, ರಾಕ್ ಕೇಳಿ ಬೆಳೆದವರ ಒಂದು ರೂಢಿ. ಅದೇ ಕಾಲದಲ್ಲಿ ಗ್ರಾನಾಡಾದ ಲೋಸ್ ಪ್ಲಾನೆಟಾಸ್ ಸ್ಪ್ಯಾನಿಷಿನಲ್ಲಿ ಹಾಡಿ ಅಷ್ಟೇ ಗೌರವ ಪಡೆದರು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಪದ್ಮನಾಭನಗರದವರು ನನ್ನನ್ನು ಬಿಡುವುದಿಲ್ಲ.

ಎರಡನೆಯದು ನನಗೆ ಹೆಚ್ಚು ಮುಖ್ಯ. ಹಳೆಯ ಕ್ಯಾಸೆಟ್ ಅವರು ಹೈಂಡ್ಸ್‌ನ ವಂಶಾವಳಿಯನ್ನು ಅಮೆರಿಕದ ಹುಡುಗರಿಂದ ಶುರುಮಾಡಿದ್ದಾರೆ. ಇದೇ ಮ್ಯಾಡ್ರಿಡ್‌ನಲ್ಲಿ, ಸರ್ವಾಧಿಕಾರಿ ಫ್ರಾಂಕೋ ಇನ್ನೂ ಅಧಿಕಾರದಲ್ಲಿದ್ದಾಗ, ಕಾರ್ಮೆನ್ ಸಾಂತೋನ್ಹಾ ಮತ್ತು ಗ್ಲೋರಿಯಾ ಫಾನ್ ಆರ್ಸೆನ್ ಎಂಬ ಇಬ್ಬರು ಗೆಳತಿಯರು 'ವೈನಿಕಾ ಡೋಬ್ಲೆ' ಎಂಬ ಜೋಡಿಯಾಗಿ ಹಾಡುತ್ತಿದ್ದರು. 1971ರಲ್ಲಿ ಅವರ ಮೊದಲ ಆಲ್ಬಮ್ ಬಂತು. ವೇದಿಕೆಯ ಗಾಯಕಿಯರ ತಯಾರಾದ ಕಂಠ ಅವರದಲ್ಲ; ಮನೆಯಲ್ಲಿ ಕೆಲಸ ಮಾಡುತ್ತ ಗುನುಗುವವರ ಹಾಗೆ ಹಾಡುತ್ತಿದ್ದರು, ಆದರೆ ಮಾತಿನಲ್ಲಿ ಚುರುಕಾದ ವ್ಯಂಗ್ಯ ಇರುತ್ತಿತ್ತು. ದೊಡ್ಡ ವ್ಯಾಪಾರ ಆಗಲಿಲ್ಲ. ಮುಂದಿನ ತಲೆಮಾರಿನ ಸ್ವತಂತ್ರ ಸಂಗೀತಗಾರರು ಮಾತ್ರ ಅವರನ್ನು ಗುರುಗಳಂತೆ ಕಂಡರು. ಹೈಂಡ್ಸ್ ಅವರಿಂದ ಏನನ್ನಾದರೂ ಪಡೆದರೆಂದು ಹೇಳಲು ನಾನು ಹೊರಟಿಲ್ಲ. ಇಬ್ಬರು ಹೆಂಗಸರು ತಮ್ಮ ತಮ್ಮೊಳಗಿನ ಮಾತುಕತೆಯನ್ನೇ ಹಾಡಾಗಿಸಿ, ತರಬೇತಾದ ಕಂಠವಿಲ್ಲದೆ ಅದನ್ನು ಊರ ಮುಂದಿಡುವುದು ಈ ನಗರಕ್ಕೆ 2014ರಲ್ಲಿ ಹೊಸದಾಗಿರಲಿಲ್ಲ ಎಂಬುದಷ್ಟೇ ನನ್ನ ಮಾತು.

ಪದ್ಮನಾಭನಗರ ಪ್ಲೇಲಿಸ್ಟ್:

ಉಚ್ಚಾರದ ಬಗ್ಗೆ ನೀವು ಹೇಳಿದ್ದು ಸರಿಯಿರಬಹುದು, ಮೇಡಂ. ಆದರೂ 'ಎನ್ ಫೋರ್ಮಾ'ದಲ್ಲಿ ಅವರ ನಾಲಿಗೆ ಓಡುವ ವೇಗವನ್ನು ನೋಡಿ. ಇಂಗ್ಲಿಷ್ ಹಾಡುಗಳಲ್ಲಿ ಒಂದು ಸಾಲಿಗೆ ಐದಾರು ಪದ ಇಟ್ಟು ಸ್ವರವನ್ನು ಎಳೆಯುವವರು, ಇಲ್ಲಿ ಉಸಿರು ಬಿಡದೆ ಪದಗಳನ್ನು ಸುರಿಯುತ್ತಾರೆ. ಆ ಸಲೀಸು ಮೊದಲ ಆಲ್ಬಮ್‌ನಿಂದಲೇ ಸಿಗಬಹುದಿತ್ತಲ್ಲ ಎಂಬುದೇ ನನ್ನ ಕೊರಗು.

ಇರುಳ ರೇಡಿಯೋ:

ಚರ್ಚೆ ಒಳ್ಳೆಯ ದಾರಿಯಲ್ಲಿ ಸಾಗಿದೆ. ಒಂದು ಮಾತನ್ನು ಮಾತ್ರ ಹೆಣ್ಣು ಕೇಳುಗಳಾಗಿ ಹೇಳಬೇಕಾಗಿದೆ. 'ಹಾಡು ಕಟ್ಟುವುದನ್ನು ಕಲಿತಿದ್ದಾರೆ' ಎಂಬ ವಾಕ್ಯವನ್ನು ಮಂದ್ರಸ್ಥಾಯಿಯವರು ಯಾವ ದುರುದ್ದೇಶವಿಲ್ಲದೆ ಬರೆದಿದ್ದಾರೆಂದು ನಂಬುತ್ತೇನೆ. ಆದರೆ ಈ ವಾಕ್ಯ ಆ ಬ್ಯಾಂಡಿಗೆ ಎಷ್ಟು ಹಳೆಯದೆಂದರೆ ಅದರ ಮೇಲೆ ಅವರೇ ಒಂದು ಹಾಡು ಕಟ್ಟಿದ್ದಾರೆ. 2020ರ ಆಲ್ಬಮ್‌ನ 'ಜಸ್ಟ್ ಲೈಕ್ ಕಿಡ್ಸ್' ಹಾಡು, ಜನ ಬಂದು ತಮಗೆ ಹೇಳಿಹೋದ ಉಪದೇಶ, ಹೀಯಾಳಿಕೆ, ಅಯಾಚಿತ ಸಲಹೆಗಳನ್ನು ಒಂದರ ಹಿಂದೊಂದು ಪೋಣಿಸಿ, ಮಕ್ಕಳು ಅಣಕಿಸುವ ಧಾಟಿಯಲ್ಲಿ ತಿರುಗಿಸಿ ಒಪ್ಪಿಸುತ್ತದೆ. ಅವರು ಅದಕ್ಕೆ 'ಮಿಯಾವ್' ಎಂಬ ಬಾಲವನ್ನೂ ಅಂಟಿಸಿದ್ದಾರೆ.

ಗಂಡಸರು ಅಪಶ್ರುತಿಯಲ್ಲಿ ಹಾಡಿದರೆ ಅದು ನಿಲುವು. ಹೆಂಗಸರು ಹಾಡಿದರೆ ಅಭ್ಯಾಸ ಸಾಲದು. ಇಲ್ಲಿಯೇ ನೋಡಿ, ಕಿಂಗ್ಸ್‌ಮೆನ್ ಗಾಯಕ ಎಡವಿದ್ದು ಪರಂಪರೆಯಾಗಿ, ಸ್ಟ್ರೋಕ್ಸ್ ಗಾಯಕನ ಒಡಕು ದನಿ ಪ್ರೊಡ್ಯೂಸರ್‌ನ ಕೌಶಲವಾಗಿ ದಾಖಲಾಯಿತು. ಕಾರ್ಲೋಟಾ ಅವರ ದನಿ ಒಡೆದದ್ದು 'ವಿಮರ್ಶಕರು ಹೊಟ್ಟೆಗೆ ಹಾಕಿಕೊಂಡ' ತಪ್ಪಾಯಿತು. ಅಷ್ಟೇ ಅಲ್ಲ, ಮೆಚ್ಚುವವರೂ ಇದೇ ಹಳ್ಳಕ್ಕೆ ಬೀಳುತ್ತಾರೆ. 'ಎಷ್ಟು ಮೋಜಿನ ಹುಡುಗಿಯರು, ವೇದಿಕೆಯ ಮೇಲೆ ಎಷ್ಟು ನಗುತ್ತಾರೆ' ಎಂದು ಬರೆದು ಮುಗಿಸಿದವರು 'ಟೆಸ್ಟರ್' ಹಾಡನ್ನು ಕಿವಿಗೊಟ್ಟು ಕೇಳಿರಲಾರರು. ತನ್ನವನು ಇನ್ನೊಬ್ಬಳ ಜೊತೆಗೂ ಇದ್ದನೆಂದು ತಿಳಿದವಳ ಸಿಟ್ಟು ಅದರಲ್ಲಿದೆ, ಮತ್ತು ಆ ಸಿಟ್ಟನ್ನು ಒಬ್ಬಳೇ ಹಾಡುವುದಿಲ್ಲ, ಪಕ್ಕದಲ್ಲಿ ಗೆಳತಿ ನಿಂತು ದನಿ ಸೇರಿಸುತ್ತಾಳೆ. ಗಿಟಾರ್ ಕುಣಿಯುತ್ತಲೇ ಇರುತ್ತದೆ. ಪ್ರೇಮಭಂಗದ ಹಾಡು ಏಕಾಂತದ್ದು ಎಂದುಕೊಂಡಿದ್ದ ನನಗೆ ಇದು ಹೊಸ ಬಗೆಯಾಗಿತ್ತು: ಇಲ್ಲಿ ನೋವಿಗೆ ಸಾಕ್ಷಿ ಇದ್ದಾಳೆ, ನಡುವೆ ಬಾಯಿ ಹಾಕುವವಳು ಇದ್ದಾಳೆ.

ಗೆಳೆತನ ಫೋಟೋಕ್ಕೆ ಒಗ್ಗುವ ಕತೆ ಎಂದು ಬೇಸ್ ತಂತಿಯವರು ಹೇಳಿದರು. ಪತ್ರಿಕೆಗಳಲ್ಲಿ ಅದು ಕತೆಯೇ ಇರಬಹುದು. ಹಾಡಿನೊಳಗೆ ಅದು ರಚನೆ.

ಮಂದ್ರಸ್ಥಾಯಿ:

ಇರುಳ ರೇಡಿಯೋ ಅವರ ಆಕ್ಷೇಪಕ್ಕೆ ನೇರ ಉತ್ತರ: ಸ್ಟ್ರೋಕ್ಸ್ ವಿಚಾರದಲ್ಲಿಯೂ ನನ್ನ ನಿಲುವು ಇದೇ. 'ಈಸ್ ದಿಸ್ ಇಟ್' ಕೂಡ ತಲೆಯ ಮೇಲೆ ಹೊರಲ್ಪಟ್ಟ ಆಲ್ಬಮ್ ಎಂದು ಬೇರೊಂದು ಕಡೆ ಬರೆದು ಸಾಕಷ್ಟು ಬೈಸಿಕೊಂಡಿದ್ದೇನೆ. ಆದರೆ ಹಾಡಿನೊಳಗಿನ ರಚನೆ ಎಂದು ನೀವು ಹೇಳಿದ್ದು ನನ್ನ ವಾದಕ್ಕೇ ಬಲ ಕೊಡುತ್ತದೆಯಲ್ಲವೇ? ರಚನೆ ಆ ಎರಡು ದನಿಗಳಲ್ಲಿಯೇ ಇರುವುದಾದರೆ, ಮೇಲಿನ ಮಸುಕು ತೆಗೆದ ಮೇಲೆ ಅದು ಇನ್ನಷ್ಟು ಕಾಣಬೇಕು, ಮತ್ತು 'ವೀವಾ ಹೈಂಡ್ಸ್'ನಲ್ಲಿ ಕಾಣುತ್ತದೆ. ಲಂಡನ್ನಿನ ಬ್ಯಾಂಡ್ ದಿ ವ್ಯಾಕ್ಸೀನ್ಸ್‌ನಲ್ಲಿ ಹಿಂದೆ ಡ್ರಮ್ಸ್ ನುಡಿಸುತ್ತಿದ್ದ ಪೀಟ್ ರಾಬರ್ಟ್‌ಸನ್ ಈ ಆಲ್ಬಮ್‌ನ ಪ್ರೊಡ್ಯೂಸರ್. ದನಿಗಳನ್ನು ಮುಂದಕ್ಕೆ ತಂದು, ಒಬ್ಬರು ಎಲ್ಲಿ ಬಿಟ್ಟರು, ಇನ್ನೊಬ್ಬರು ಎಲ್ಲಿ ಹಿಡಿದರು ಎಂಬುದು ಪ್ರತಿ ಸಾಲಿನಲ್ಲಿಯೂ ತಿಳಿಯುವಂತೆ ಮಾಡಿದ್ದಾರೆ.

ಹಳೆಯ ಕ್ಯಾಸೆಟ್:

ತಿಳಿಯುತ್ತದೆ, ಅದೇ ತೊಂದರೆ. 'ಬ್ಯಾಂಬೂ' ಅಥವಾ 'ಗಾರ್ಡನ್' ಕೇಳುವಾಗ ಯಾವ ಸಾಲು ಯಾರದೆಂದು ಹುಡುಕುವುದರಲ್ಲಿ ಅರ್ಧ ಸುಖವಿತ್ತು. ಹೊಸ ಆಲ್ಬಮ್‌ನಲ್ಲಿ ಸರದಿಯ ಪ್ರಕಾರ ಹಾಡುತ್ತಾರೆ, ಶಿಸ್ತಾಗಿ, ಪಲ್ಲವಿಗೆ ಇಬ್ಬರೂ ಸೇರುತ್ತಾರೆ. ಅದು ಒಳ್ಳೆಯ ಪಾಪ್ ಹಾಡಿನ ವಿಧಾನ, ಮತ್ತು ಹಾಗೆ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ.

ಇನ್ನೊಂದು ಸಾಕ್ಷಿಯೂ ಇದೆ. ಈ ಆಲ್ಬಮ್‌ನಲ್ಲಿ ಹೊರಗಿನ ಇಬ್ಬರು ಗಂಡಸರ ದನಿ ಬರುತ್ತದೆ: 'ಬೂಮ್ ಬೂಮ್ ಬ್ಯಾಕ್'ನಲ್ಲಿ ಅಮೆರಿಕದ ಗಾಯಕ ಬೆಕ್, 'ಸ್ಟ್ರೇಂಜರ್'ನಲ್ಲಿ ಡಬ್ಲಿನ್‌ನ ಫಾಂಟೇನ್ಸ್ ಡಿಸಿ ಬ್ಯಾಂಡಿನ ಗ್ರಿಯಾನ್ ಚಾಟನ್. ಮೊದಲ ಆಲ್ಬಮ್‌ನಲ್ಲಿ ಮೂರನೆಯವರಿಗೆ ಕಾಲಿಡಲು ಜಾಗವೇ ಇರಲಿಲ್ಲ, ಎರಡು ದನಿಗಳೇ ಇಡೀ ಕೋಣೆಯನ್ನು ತುಂಬಿಕೊಂಡಿದ್ದವು. ಈಗ ಅತಿಥಿ ಬಂದು ಕೂರಲು ಕುರ್ಚಿ ಇದೆ ಎಂದರೆ ಏನೋ ಖಾಲಿಯಾಗಿದೆ ಎಂದೇ ಅರ್ಥ.

ಸಾಲಮಾಂಕಾ ಕನ್ನಡತಿ:

'ಸ್ಟ್ರೇಂಜರ್' ಬಗ್ಗೆ ಅಷ್ಟು ಕಠಿಣವಾಗಬೇಡಿ. ಚಾಟನ್ ಅವರ ದನಿ ದಪ್ಪ, ನಿಧಾನ, ಡಬ್ಲಿನ್ ಉಚ್ಚಾರದ್ದು. ಅದು ಬಂದ ಕೂಡಲೇ ಗೆಳತಿಯರಿಬ್ಬರ ದನಿಗಳು, ಇಷ್ಟು ವರ್ಷ ಪರಸ್ಪರ ಎಷ್ಟು ಬೇರೆಯೆಂದು ಕೇಳಿಸುತ್ತಿದ್ದವೋ ಅವೇ, ಒಂದೇ ಮನೆಯವರಂತೆ ಕೇಳಿಸುತ್ತವೆ. ಅತಿಥಿಯಿಲ್ಲದೆ ಇದು ತಿಳಿಯುತ್ತಿರಲಿಲ್ಲ. ಬೆಕ್ ವಿಚಾರದಲ್ಲಿ ಮಾತ್ರ ನಿಮ್ಮ ಜೊತೆಗಿದ್ದೇನೆ. ಅವರು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ.

ಕೇಳುಗ ಮಾತ್ರ:

ನನ್ನ ಓಟು ಎರಡಕ್ಕೂ ಅಲ್ಲ, 'ಐ ಡೋಂಟ್ ರನ್'ಗೆ. 'ಲಿಂಡಾ' ಹಾಡಿನ ನಿಧಾನ ನಡಿಗೆ ಮತ್ತು 'ನ್ಯೂ ಫಾರ್ ಯೂ'ದ ಓಟ ಎರಡೂ ಒಂದೇ ಆಲ್ಬಮ್‌ನಲ್ಲಿ ಇವೆ. ದನಿಗಳು ಮೊದಲಿನಷ್ಟೇ ಜಗಳವಾಡುತ್ತವೆ, ಮಾತು ಸ್ವಲ್ಪ ಕೇಳಿಸುತ್ತದೆ ಕೂಡ. ಮೊದಲನೆಯದು ಮತ್ತು ಕೊನೆಯದನ್ನು ಎದುರುಬದುರು ನಿಲ್ಲಿಸಿ ನಡುವಿನದನ್ನು ಮರೆತರೆ ಹೇಗೆ?

ಬೇಸ್ ತಂತಿ:

ಕೇಳುಗ ಮಾತ್ರ ಅವರ ಓಟಿಗೆ ನನ್ನದನ್ನೂ ಸೇರಿಸಿ. 'ಲಿಂಡಾ'ದಲ್ಲಿ ಎರಡು ಗಿಟಾರುಗಳೂ ಹಿಂದೆ ಸರಿದು ನಿಂತಿರುವಾಗ ಹಾಡನ್ನು ಮುಂದಕ್ಕೆ ನಡೆಸುವವರು ಯಾರೆಂದು ಗಮನಿಸಿ ಕೇಳಿ, ಆಮೇಲೆ ರಚನೆ ಯಾವ ಇಬ್ಬರದೆಂದು ಇರುಳ ರೇಡಿಯೋ ಅವರೊಂದಿಗೆ ಮತ್ತೆ ಮಾತಾಡೋಣ. ಹಾಡಿನ ಕರ್ತೃತ್ವ ಗೆಳತಿಯರದೆಂಬ ಮಂದ್ರಸ್ಥಾಯಿಯವರ ಮಾತನ್ನು ನಾನು ಎಂದೂ ಅಲ್ಲಗಳೆದಿಲ್ಲ. ನಾಲ್ಕನೆಯ ಆಲ್ಬಮ್ ಶಿಸ್ತಾಯಿತು, ಸರದಿಯ ಪ್ರಕಾರ ಹಾಡುತ್ತಾರೆ ಎಂದು ಹಳೆಯ ಕ್ಯಾಸೆಟ್ ಅವರು ಗುರುತಿಸಿದ್ದಾರಲ್ಲ, ಅದಕ್ಕೆ ಎಲ್ಲರೂ ಪ್ರೊಡ್ಯೂಸರ್ ಕಡೆ ಬೆರಳು ತೋರಿಸುತ್ತಿದ್ದೀರಿ. ನನಗನ್ನಿಸುವುದು, ಹಿಂದೆ ನಿಂತು ಲಯ ಕಾಯುತ್ತಿದ್ದ ಇಬ್ಬರು ಇಲ್ಲವಾದಾಗ, ಲಯ ಕಾಯುವ ಹೊಣೆಯೂ ಹಾಡುವವರ ಮೇಲೆಯೇ ಬಿತ್ತು. ಒಬ್ಬರ ಸಾಲಿನೊಳಗೆ ಇನ್ನೊಬ್ಬರು ನುಗ್ಗುವ ಸ್ವಾತಂತ್ರ್ಯ ಮೊದಲು ಅಲ್ಲಿಯೇ ಕಡಿತವಾಯಿತು.

ಮಂದ್ರಸ್ಥಾಯಿ:

ಇದು ಊಹೆ.

ಬೇಸ್ ತಂತಿ:

ಊಹೆಯೇ. ಆದರೆ ಈಗ ಅವರ ಜೊತೆ ವೇದಿಕೆಯ ಮೇಲೆ ಬೇಸ್ ಮತ್ತು ಡ್ರಮ್ಸ್ ನುಡಿಸುತ್ತಿರುವ ಹೊಸಬರು ಮುಂದಿನ ಆಲ್ಬಮ್‌ನ ಹೊತ್ತಿಗೆ ಹಾಡು ಕಟ್ಟುವ ಕೋಣೆಯೊಳಗೂ ಇದ್ದರೆ, ಅದನ್ನು ಪರೀಕ್ಷಿಸಲು ಸಾಧ್ಯವಿದೆ.